ಚೆಂಡು ಬಿಟ್ಟುಕೊಡದವನು

ನಾನು ಒಂದೇ ದಿನದಲ್ಲಿ ಮೂರು ಊರುಗಳಲ್ಲಿ ಬೇಸ್‌ಬಾಲಿನ ಮೂರು ಪೂರ್ತಿ ಆಟ ಎಸೆದು ಮೂರನ್ನೂ ಗೆದ್ದವನು. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಾಗ ಕೈ ತಣ್ಣಗಾಗಬಾರದೆಂದು ರೈಲಿನ ಚಾವಣಿಯ ಮೇಲೆ ನಿಂತು, ಹಿಂದೆ ಸರಿಯುವ ತಂತಿಕಂಬಗಳಿಗೆ ಗುರಿಯಿಟ್ಟು ಚೆಂಡು ಹೊಡೆಯುತ್ತ ಹೋದೆ. ಇಂಡಿಯಾನಾ ರಾಜ್ಯದ ಅರ್ಧ ಭಾಗಕ್ಕೆ ಆ ವಾರವೆಲ್ಲ ತಂತಿ ಸುದ್ದಿಯೇ ತಲುಪಲಿಲ್ಲ. ಮೂರನೇ ಆಟದ ಕೊನೆಯಲ್ಲಿ ನನ್ನ ಚೆಂಡಿನ ಬಿಸಿಗೆ ಅದನ್ನು ಹಿಡಿಯುವ ಕ್ಯಾಚರನ ಗ್ಲೌಸ್ ಹತ್ತಿಕೊಂಡು ಉರಿಯಿತು. ಅಂಪೈರ್ ತನಗೆಂದು ಇಟ್ಟುಕೊಂಡಿದ್ದ ನಿಂಬೆ ಶರಬತ್ತು ಸುರಿದು ಅದನ್ನು ಆರಿಸಬೇಕಾಯಿತು.

ನಂಬದಿದ್ದರೆ ಬಿಡಿ. ನಮ್ಮೂರು ಪ್ಲಮ್ ಫೆರಿಯ ಜನ ಮೂವತ್ತು ವರ್ಷಗಳಿಂದ ನಂಬಿದ್ದಾರೆ, ಅಥವಾ ನನ್ನೆದುರು ನಂಬಿದವರ ಹಾಗೆ ಮುಖ ಮಾಡಿದ್ದಾರೆ. ನನಗೆ ಎರಡೂ ಒಂದೇ. ನಾನು ಈಗ ಹೇಳಹೊರಟಿರುವುದು ಆ ದಿನದ ಕತೆಯಲ್ಲ. ಕಳೆದ ಜುಲೈನಲ್ಲಿ ಕೊಲ್ಟನ್ ಊರಿನವರ ಮೇಲೆ ನಮ್ಮೂರು ಆಡಿದ ಫೈನಲ್ಲಿನ ಕತೆ. ಬರೆಯಲು ಕೂತರೆ ಈಗಲೂ ಕಿವಿ ಕಾಯುತ್ತದೆ.

ಸಿಟ್ಟು ಯಾಕೆಂದರೆ, ನನ್ನ ಕಾಲದಲ್ಲಿ ಆಟ ಶುರುಮಾಡಿದ ಪಿಚರ್, ಅಂದರೆ ಚೆಂಡು ಎಸೆಯುವವನು, ತಾನೇ ಆಟ ಮುಗಿಸುತ್ತಿದ್ದ. ಒಂಬತ್ತು ಇನ್ನಿಂಗ್ಸ್ ಅಂದರೆ ಒಂಬತ್ತು. ಹನ್ನೆರಡಕ್ಕೆ ಹೋದರೆ ಹನ್ನೆರಡು. ಮಳೆ ಬಂದರೆ ಒದ್ದೆಯಾಗಿಯೇ ಎಸೆಯುವುದು, ಹೆಂಡತಿ ಹೆತ್ತರೆ ಸುದ್ದಿಯನ್ನು ಎಸೆಯುವ ದಿಬ್ಬದ ಮೇಲೆಯೇ ಕೇಳುವುದು. ಈಗ? ಆರು ಇನ್ನಿಂಗ್ಸ್ ಎಸೆದವನ ಬೆನ್ನು ತಟ್ಟಿ, ಹೆಗಲಿಗೆ ಐಸ್ ಕಟ್ಟಿ, ಗಾಜಿನ ಬೊಂಬೆಯಂತೆ ಮೂಲೆಯಲ್ಲಿ ಕೂರಿಸುತ್ತಾರೆ. ಏಳನೆಯದಕ್ಕೆ ಒಬ್ಬ ಬದಲಿ, ಎಂಟನೆಯದಕ್ಕೆ ಇನ್ನೊಬ್ಬ, ಒಂಬತ್ತನೆಯದಕ್ಕೆ ಮೀಸೆ ಬಿಟ್ಟ ಮತ್ತೊಬ್ಬ. ಹೊಲ ಉತ್ತವನ ಬೆನ್ನು ಮುರಿದಿರುತ್ತದೆ; ಸಂಜೆ ಬಂದು ಒಂದು ಜೋಳದ ತೆನೆ ಮುರಿದವನ ಫೋಟೋ ಪೇಪರಿನಲ್ಲಿ ಬರುತ್ತದೆ.

ನಮ್ಮೂರಿನ ಮೀಸೆಯ ಹೆಸರು ಡ್ವೇನ್ ಓಟ್ಸ್. ದನದ ಮೇವಿನ ಗೋದಾಮಿನಲ್ಲಿ ಕೆಲಸ, ಮೈಕಟ್ಟೂ ಮೇವಿನ ಮೂಟೆಯದೇ. ಅವನು ಕೊನೆಯ ಇನ್ನಿಂಗ್ಸಿಗೆ ದಿಬ್ಬ ಹತ್ತುವಾಗ ಧ್ವನಿವರ್ಧಕದಲ್ಲಿ ಗಿಟಾರು ಕಿರುಚುತ್ತದೆ, ಹುಡುಗಿಯರೂ ಕಿರುಚುತ್ತಾರೆ. ನಾನು ದಿಬ್ಬ ಹತ್ತುವಾಗ ಗಂಡಸರು ಟೋಪಿ ತೆಗೆದು ನಿಲ್ಲುತ್ತಿದ್ದರು, ಎದುರು ತಂಡದವರ ಹೆಂಡಂದಿರು ಕರವಸ್ತ್ರ ಹುಡುಕುತ್ತಿದ್ದರು.

ಫೈನಲ್ಲಿನ ದಿನ ಗೇಟಿನಲ್ಲೇ ಸಿಕ್ಕಿದ. ನಾನು ಸುಮ್ಮನೆ ಬಿಡಲಿಲ್ಲ.

"ಯಾವತ್ತಾದ್ರೂ ಮೊದಲನೇ ಇನ್ನಿಂಗ್ಸ್ ನೋಡಿದ್ದೀಯೇನೋ ಓಟ್ಸ್? ಇಲ್ಲ, ಆ ಹೊತ್ತಲ್ಲಿ ಮನೇಲಿ ಮೀಸೆ ಬಾಚ್ತಿರ್ತೀಯಾ?"

"ನೋಡಿದ್ದೀನಿ ಬಿಡಿ," ಅಂದ ಅವನು ಕಡಲೆಕಾಯಿ ಸಿಪ್ಪೆ ಉಗಿಯುತ್ತ. "ಮುಗಿಸೋಕಾಗದೇ ಇರೋರು ಶುರು ಮಾಡ್ತಾರಲ್ಲ, ಅದೇ ತಾನೆ?"

ಅವನ ಅಪ್ಪನನ್ನು ನಾನು ತೊಟ್ಟಿಲಲ್ಲಿ ನೋಡಿದವನು. ಅಂಥ ಮಗುವಿನ ಮಗ ನನಗೆ ಹೀಗೆ ಹೇಳುವ ಕಾಲ ಇದು.

ಅವತ್ತು ನಮ್ಮ ಪರವಾಗಿ ಆಟ ಶುರುಮಾಡಿದವನು ಗ್ಯಾರೆಟ್, ನನ್ನ ತಂಗಿ ಅರ್ಲೀನಳ ಮಗ. ಇಪ್ಪತ್ತು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಕಮ್ಮಿ. ಅವನ ಅಪ್ಪ ಬೇಗ ಹೋದ. ಹಾಗಾಗಿ ಚೆಂಡು ಹಿಡಿಯುವುದರಿಂದ ಹಿಡಿದು ಬ್ಯಾಟರನ ಕಣ್ಣಿಗೆ ಕಣ್ಣು ಕೊಟ್ಟು ನಿಲ್ಲುವವರೆಗೆ ಎಲ್ಲವನ್ನೂ ಕಲಿಸಿದವನು ನಾನು. ಮುಂದಿನ ತಿಂಗಳು ಸಿನ್ಸಿನಾಟಿಯಲ್ಲಿ ದೊಡ್ಡ ತಂಡವೊಂದರವರು ಅವನ ಎಸೆತ ನೋಡಲು ಕರೆದಿದ್ದರು. ಆಯ್ಕೆಯಾದರೆ ಅವನ ಬಾಳು ಬೇರೆ. ಆಗದಿದ್ದರೆ ಬಾಳೆಲ್ಲ ಅವನೂ ಓಟ್ಸನ ಪಕ್ಕದಲ್ಲಿ ಮೇವಿನ ಮೂಟೆ ಹೊರುತ್ತಲೇ ಇರಬೇಕು. ಅವನಿಗಿರುವುದು ಆ ಬಲಗೈ ಒಂದೇ.

ಆ ಕೈ ಅವತ್ತು ಹಾಡುತ್ತಿತ್ತು. ನಾಲ್ಕು ಇನ್ನಿಂಗ್ಸ್ ಕಳೆದರೂ ಕೊಲ್ಟನ್ನಿನ ಒಬ್ಬನೂ ಒಂದೇ ಒಂದು ಹೊಡೆತ ಹೊಡೆದು ಬೇಸ್ ತಲುಪಲಿಲ್ಲ. ಅವರ ಬ್ಯಾಟು ಬೀಸಿದ ಗಾಳಿಗೆ ನದಿಯ ಮೇಲಿನ ದೋಣಿಗಳು ದಿಕ್ಕು ತಪ್ಪಿದವು.

ನನ್ನ ಪಕ್ಕದಲ್ಲಿ ಹೈರಮ್ ಅಜ್ಜ ಕೂತಿದ್ದ. ತೊಂಬತ್ತು ದಾಟಿದವನು, ಮೊದಲ ಮಹಾಯುದ್ಧದ ಕಾಲದ ಪಿಚರ್. ಆಗ ಇಡೀ ಆಟಕ್ಕೆ ಒಂದೇ ಚೆಂಡು. ತಂಬಾಕು ಜಗಿದು ಅದರ ಮೇಲೆ ಉಗಿದು, ಮಣ್ಣಿಗೆ ಉಜ್ಜಿ, ಆಟ ಮುಗಿಯುವ ಹೊತ್ತಿಗೆ ಅದು ಕೊಳೆತ ಆಲೂಗಡ್ಡೆಯ ಬಣ್ಣಕ್ಕೆ ಬಂದಿರುತ್ತಿತ್ತು. ನಾನು ಹೊಸ ಕಾಲವನ್ನು ಬೈಯುತ್ತಿದ್ದರೆ ಅಜ್ಜ ನನ್ನನ್ನೇ ಬೈಯುತ್ತಿದ್ದ.

"ನನ್ನ ಕಾಲ, ನನ್ನ ಕಾಲ ಅಂತೀಯಲ್ಲೋ ವಿಲ್ಬರ್, ನಿಂದೂ ಒಂದು ಕಾಲವೇನೋ? ಒಂದಿನ ಎಸೆದು ಮೂರು ದಿನ ಮಲಗೋರು ನೀವು. ನಾನು ಶನಿವಾರ ಒಂದು ಆಟ, ಭಾನುವಾರ ಚರ್ಚಿಗೆ ಮುಂಚೆ ಒಂದು, ಚರ್ಚ್ ಬಿಟ್ಟ ಮೇಲೆ ಒಂದು."

"ಭಾನುವಾರ ಆಡಿದ್ರೆ ಶೆರಿಫ್ ಹಿಡ್ಕೊಂಡು ಹೋಗ್ತಿದ್ನಲ್ಲ ಅಜ್ಜ?"

"ಅದಕ್ಕೇ ಬೇಗ ಬೇಗ ಔಟ್ ಮಾಡ್ತಿದ್ದೆ."

ಸುತ್ತಲಿನವರು ನಕ್ಕರು. ಇದೇ ಸಮಯವೆಂದು ನಾನು ದನಿ ಎತ್ತಿದೆ. "ಇವರಿಗೆಲ್ಲ ಕೇಳೋ ಹಾಗೆ ಹೇಳು ಅಜ್ಜ. ಕೈ ನೋಯ್ತಿದೆ ಅಂತ ಯಾವತ್ತಾದ್ರೂ ಚೆಂಡು ಬಿಟ್ಟುಕೊಟ್ಟಿದ್ದೀಯಾ?"

"ಯಾಕೋ ನೋಯುತ್ತೆ?" ಅಂದ ಅಜ್ಜ. "ನಾವೇನು ಪ್ರತಿ ಚೆಂಡಿಗೂ ಜೀವ ಹಾಕ್ತಿದ್ವಾ? ಆ ಚೆಂಡು ಒದ್ದೆ ಕಾಲುಚೀಲ ಇದ್ದ ಹಾಗೆ, ಎಷ್ಟು ಬಡಿದ್ರೂ ಬೇಲಿ ದಾಟ್ತಿರಲಿಲ್ಲ. ಸುಮ್ನೆ ಎಸೀತಿದ್ವಿ, ಅವರು ಹೊಡೀತಿದ್ರು, ಯಾರೋ ಹಿಡೀತಿದ್ರು. ಮೂರನೇ ಬೇಸಿಗೆ ಯಾರಾದ್ರೂ ಬಂದು ನಿಂತಾಗ ಮಾತ್ರ ಜೋರು. ಈಗಿನ ಹುಡುಗರು ಪಾಪ, ಮೊದಲನೇ ಚೆಂಡಿಂದಾನೇ ಮೈಮೇಲೆ ದೆವ್ವ ಬಂದೋರ ಹಾಗೆ..."

"ಕಡಲೆಕಾಯಿ ತಿನ್ನಜ್ಜ," ಎಂದು ಪೊಟ್ಟಣವನ್ನು ಅವನ ಬಾಯಿಗೇ ಹಿಡಿದೆ. ನನ್ನ ಪಕ್ಷದಲ್ಲಿ ಇರಬೇಕಾದ ಮನುಷ್ಯ.

ಐದು ಮುಗಿಯಿತು, ಆರು ಮುಗಿಯಿತು. ಇನ್ನೂ ಒಂದು ಹೊಡೆತ ಇಲ್ಲ. ಈಗ ಇಡೀ ಮೈದಾನ ಒಂದು ಬಗೆಯಲ್ಲಿ ಬಿಗಿದುಕೊಂಡಿತು. ಪಿಚರ್ ಒಬ್ಬ ಒಂದೂ ಹೊಡೆತ ಕೊಡದೆ ಎಸೆಯುತ್ತಿರುವಾಗ ಆ ವಿಷಯ ಬಾಯಲ್ಲಿ ತರಬಾರದು. ತಂದರೆ ಮುಗಿಯಿತು, ಮುಂದಿನ ಚೆಂಡೇ ಬೇಲಿಯಾಚೆ. ಪಿಚರನನ್ನು ಮಾತಾಡಿಸಬಾರದು, ಅವನ ಪಕ್ಕ ಕೂರಬಾರದು, ಅವನ ಕಡೆ ನೋಡಲೂಬಾರದು. ನಾಸ್ತಿಕರೂ ಇದನ್ನು ಪಾಲಿಸುತ್ತಾರೆ. ಆಟಗಾರರು ಕೂರುವ ಡಗ್‌ಔಟಿನಲ್ಲಿ ಹುಡುಗರೆಲ್ಲ ಬೆಂಚಿನ ಈ ತುದಿಯಲ್ಲಿ ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂತಿದ್ದರು. ಆ ತುದಿಯಲ್ಲಿ ಗ್ಯಾರೆಟ್ ಒಬ್ಬನೇ, ತಲೆಯ ಮೇಲೆ ಟವೆಲ್ ಹೊದ್ದು, ಸಿಡುಬು ಬಂದವನ ಹಾಗೆ.

ಏಳನೆಯದೂ ಮುಗಿದಾಗ ನಾವು ಎರಡು ರನ್ ಮುಂದಿದ್ದೆವು. ಆಗ ನೋಡಿದೆ, ಬೇಲಿಯಾಚೆ, ಬದಲಿಗಳು ಕಾದು ಕೂರುವ ಜಾಗದಲ್ಲಿ, ಓಟ್ಸ್ ಜಾಕೆಟ್ ಕಳಚಿ ಕೈ ಬಿಸಿ ಮಾಡಿಕೊಳ್ಳುತ್ತಿದ್ದ.

ನನ್ನ ರಕ್ತ ನೆತ್ತಿಗೆ ಹತ್ತಿತು. ಮೆಟ್ಟಿಲುಗಳನ್ನು ನಾನು ಇಳಿಯಲಿಲ್ಲ, ಹಾರಿದೆ. ದಾರಿಯಲ್ಲಿದ್ದ ಇಬ್ಬರು ಹೆಂಗಸರ ಸೋಡಾ ಚೆಲ್ಲಿತು, ಒಂದು ನಾಯಿ ಊರು ಬಿಟ್ಟು ಓಡಿತು. ನಮ್ಮ ತಂಡದ ಮ್ಯಾನೇಜರ್ ರಸೆಲ್ ಪೈಕ್ ಡಗ್‌ಔಟಿನ ಕಂಬಕ್ಕೆ ಒರಗಿ ನಿಂತಿದ್ದ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ಕೈಯಲ್ಲಿ ಚೆಂಡು ಎಣಿಸುವ ಒಂದು ಗುಂಡಿ ಒತ್ತುವ ಯಂತ್ರ.

"ಇಲ್ಲಿಗೆ ಬರಬೇಡ ಅಂತ ಎಷ್ಟು ಸಲ ಹೇಳ್ಬೇಕು ವಿಲ್ಬರ್?"

"ಆ ಮೀಸೇನ ಯಾಕೆ ಎಬ್ಬಿಸಿದ್ದು?"

"ಗ್ಯಾರೆಟ್ ನೂರು ಚೆಂಡು ದಾಟಿ ಬಹಳ ಹೊತ್ತಾಯ್ತು."

"ಚೆಂಡು ಎಣಿಸ್ತೀಯಾ? ನೀನೇನು ಮೊಟ್ಟೆ ವ್ಯಾಪಾರೀನಾ?"

ಬೆಂಚಿನ ಈ ತುದಿಯ ಹುಡುಗರು ಕಿಸಕ್ಕನೆ ನಕ್ಕರು. ಪೈಕ್ ನನ್ನ ತೋಳು ಹಿಡಿದು ಆಚೆಗೆ ಎಳೆದ, ದನಿ ತಗ್ಗಿಸಿದ.

"ಕೇಳು. ಅವನ ಚೆಂಡು ನಿಧಾನ ಆಗಿದೆ. ಹಿಂದಿನ ಇನ್ನಿಂಗ್ಸಲ್ಲಿ ಎರಡು ಸಲ ಚೆಂಡು ಬೇಲಿ ಹತ್ತಿರದ ತನಕ ಹೋಗಿ ನಮ್ಮ ಹುಡುಗರ ಕೈಗೆ ಸಿಕ್ಕಿದ್ದು ನೋಡಿದ್ಯಲ್ಲ. ಓಟ್ಸ್ ತಾಜಾ ಇದ್ದಾನೆ. ಆರು ಜನರನ್ನ ಔಟ್ ಮಾಡಿದ್ರೆ ಕಪ್ ನಮ್ದು. ಮುಂದಿನ ತಿಂಗಳು ಹುಡುಗ ಸಿನ್ಸಿನಾಟಿಗೆ ಹೋಗ್ಬೇಕು."

"ಇಂಥಾ ಆಟ ಮುಗಿಸಿ ಹೋದ್ರೆ ಅವರೇ ಕಾರು ಕಳಿಸ್ತಾರೆ. ಕೈ ನೋಯ್ತಿದೆಯಾ ಅಂತ ಅವನನ್ನ ಕೇಳಿದ್ಯಾ?"

"ಹೇಗೆ ಕೇಳ್ಲಿ? ಇಂಥಾ ಹೊತ್ತಲ್ಲಿ ಯಾರಾದ್ರೂ ಮಾತಾಡಿಸ್ತಾರಾ?"

"ಕೇಳಿಲ್ಲ ತಾನೇ? ಹಾಗಾದ್ರೆ ನೋಯ್ತಿಲ್ಲ."

ಈ ತರ್ಕಕ್ಕೆ ಉತ್ತರ ಹುಡುಕಿಕೊಳ್ಳಲು ನಾನು ಅವನಿಗೆ ಸಮಯ ಕೊಡಲಿಲ್ಲ. ಡಗ್‌ಔಟಿನ ಕಟ್ಟೆಯ ಮೇಲೆ ಹತ್ತಿ, ಜನರ ಕಡೆ ತಿರುಗಿ, ಬೇಲಿಯಾಚೆಗಿನ ಓಟ್ಸನನ್ನು ಬೆರಳು ಮಾಡಿ ತೋರಿಸಿದೆ. ಒಂದು ಮಾತೂ ಬೇಕಾಗಲಿಲ್ಲ. ಊರಿನವರೆಲ್ಲ ಎದ್ದು ನಿಂತು ಊಳಿಟ್ಟರು. ಕಟುಕ, ಪಾದ್ರಿ, ದಂತವೈದ್ಯ, ಎಲ್ಲರೂ. ಕೂತಿದ್ದವನು ಹೈರಮ್ ಅಜ್ಜ ಒಬ್ಬನೇ. ಅವನಿಗೆ ಎದ್ದು ನಿಲ್ಲಲು ಇಬ್ಬರು ಬೇಕು.

"ಶುರು ಮಾಡಿದೋನೇ ಮುಗಿಸ್ಲಿ!" ಎಂದು ಯಾರೋ ಕೂಗಿದರು. ಇಡೀ ಮೈದಾನ ಅದನ್ನೇ ಹಿಡಿದುಕೊಂಡಿತು.

ಪೈಕ್ ಟೋಪಿ ತೆಗೆದು ನೆಲಕ್ಕೆ ಬಡಿದ. "ಆಯ್ತಪ್ಪ, ನಿಂದೇ ನಡೀಲಿ," ಎಂದು ಹಲ್ಲು ಕಚ್ಚಿ ಓಟ್ಸನಿಗೆ ಕೂರಲು ಸನ್ನೆ ಮಾಡಿದ.

ನಾನು ಗೆದ್ದಿದ್ದೆ. ಕಟ್ಟೆಯಿಂದ ಇಳಿದು, ಬೆಂಚಿನ ಆ ತುದಿಯ ಪಕ್ಕದ ಮೆಟ್ಟಿಲಿನಿಂದಲೇ ಹೊರಟೆ. ನೋಡಬಾರದೆಂದು ಗೊತ್ತಿದ್ದರೂ ನೋಡಿದೆ. ಗ್ಯಾರೆಟ್ ನೀರು ಕುಡಿಯುತ್ತಿದ್ದ. ಎಡಗೈಯಲ್ಲಿ. ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಅವನು ಎಡಗೈಯ ಲೋಟ ಕೆಳಗಿಟ್ಟು, ಬಲಗೈಯ ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಒಂದೊಂದಾಗಿ ಎಳೆದು ಬಿಡಿಸಿದ; ಬೇರೆ ಯಾರದೋ ಬೆರಳನ್ನು ಬಿಡಿಸುವ ಹಾಗೆ.

ಅದು ಏನೆಂದು ಆ ಮೈದಾನದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಹೇಳಬೇಕಿತ್ತು. ಪೈಕ್ ಹತ್ತೇ ಹೆಜ್ಜೆ ದೂರದಲ್ಲಿ ಟೋಪಿಯ ಧೂಳು ಕೊಡವುತ್ತಿದ್ದ. ಆದರೆ ಊರು ಇನ್ನೂ ನನಗಾಗಿ ಕೂಗುತ್ತಿತ್ತು. ಇಂಥ ಹೊತ್ತಿನಲ್ಲಿ ಪಿಚರನನ್ನು ಮಾತಾಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡು ಮೆಟ್ಟಿಲು ಹತ್ತಿಬಿಟ್ಟೆ. ಗ್ಯಾರೆಟ್ ದಿಬ್ಬಕ್ಕೆ ಹೋದ.

ಎಂಟನೇ ಇನ್ನಿಂಗ್ಸಿನ ಮೊದಲ ಬ್ಯಾಟರನಿಗೆ ನಾಲ್ಕು ಚೆಂಡು, ನಾಲ್ಕೂ ಹೊರಗೆ. ಅವನು ಬಿಟ್ಟಿ ಬೇಸಿಗೆ ನಡೆದುಕೊಂಡು ಹೋದ. ಎರಡನೆಯವನಿಗೆ ಎಸೆಯಲು ಗ್ಯಾರೆಟ್ ಕೈ ಎತ್ತಿ ಬೀಸಿದಾಗ ಚೆಂಡು ಬ್ಯಾಟಿನ ಕಡೆ ಹೋಗಲೇ ಇಲ್ಲ. ಬೆರಳಿನಿಂದ ಜಾರಿ ಅವನ ಪಾದದ ಹತ್ತಿರವೇ ಬಿತ್ತು. ಕೊಲ್ಟನ್ನಿನವರು ನಕ್ಕರು.

ಪೈಕ್ ದಿಬ್ಬಕ್ಕೆ ಹೋಗಿ ಕೈ ಚಾಚಿದ. ಮ್ಯಾನೇಜರ್ ಕೈ ಚಾಚಿದರೆ ಚೆಂಡು ಕೊಟ್ಟು ಇಳಿಯಬೇಕು. ನೂರು ವರ್ಷದ ರೂಢಿ. ಗ್ಯಾರೆಟ್ ಚೆಂಡನ್ನು ಬೆನ್ನ ಹಿಂದೆ ಇಟ್ಟುಕೊಂಡ. ಪೈಕ್ ಏನೋ ಹೇಳಿದ, ಇವನು ತಲೆ ಆಡಿಸಿದ. ಕ್ಯಾಚರ್ ಬಂದ, ಅಂಪೈರ್ ಬಂದ. ಕೊನೆಗೆ ಗ್ಯಾರೆಟ್ ಕಿರುಚಿದ್ದು ಎಲ್ಲರಿಗೂ ಕೇಳಿಸಿತು.

"ನಮ್ಮ ಮಾಮ ಯಾವತ್ತೂ ಚೆಂಡು ಕೊಟ್ಟಿಲ್ಲ. ನಾನೂ ಕೊಡಲ್ಲ."

ಜನ ಚಪ್ಪಾಳೆ ತಟ್ಟಿದರು. ನನ್ನ ಬೆನ್ನಿಗೆ ನಾಲ್ಕಾರು ಗುದ್ದು ಬಿದ್ದವು, ಪ್ರೀತಿಯವು. ಆ ಗುದ್ದುಗಳ ಹಿಂದೆಯೇ ಅರ್ಲೀನ್ ಬಂದಳು. ಅವಳು ಗೇಟಿನ ಬಳಿ ಹಾಟ್‌ಡಾಗ್ ಮಾರುವವಳು. ಏಪ್ರನ್ನಿನ ತುಂಬ ಸಾಸಿವೆ, ಕೈಯಲ್ಲಿ ಇಕ್ಕಳ.

"ಅವನ ಬೆರಳು ಮರಗಟ್ಟಿದೆಯಾ?" ಎಂದು ಕೇಳಿದಳು.

"ನಂಗೇನು ಗೊತ್ತು?"

"ಕೆಳಗೆ ಅವನ ಪಕ್ಕದಲ್ಲೇ ಹಾದು ಬಂದ್ಯಲ್ಲ. ಜಾಮ್ ಕದ್ದು ಅಮ್ಮನ ಕೈಗೆ ಸಿಕ್ಕಾಗ ಹೀಗೇ ಮುಖ ಮಾಡ್ತಿದ್ದೆ ನೀನು. ಹೇಳು, ನೋಡಿದ್ಯೋ ಇಲ್ವೋ?"

"ನೋಡಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಎಡತೋಳಿನ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದಳು. ಅಷ್ಟು ಜನರ ನಡುವೆ, ಕಾದ ಎಣ್ಣೆಯಿಂದ ತೆಗೆದ ಸಾಸೇಜಿನ ಹಾಗೆ ನನ್ನನ್ನು ಮೆಟ್ಟಿಲು ಇಳಿಸಿ, ಗೇಟು ದಾಟಿಸಿ, ಹುಲ್ಲಿನ ಮೇಲೆ ನಡೆಸಿಕೊಂಡು ಹೋದಳು.

ಅಂಪೈರ್ ಅಡ್ಡ ಬಂದ. "ಅಮ್ಮಾ, ಇದು ಆಟದ ಮೈದಾನ. ಹೀಗೆಲ್ಲ ಒಳಗೆ ಬರೋ ಹಾಗಿಲ್ಲ."

"ನೀನು ಕೊಲ್ಟನ್ನಿಂದ ಬಂದೋನಲ್ವಾ? ವಾಪಸ್ ಹೋಗೋ ಆಸೆ ಇದ್ರೆ ಸರಿ ಆಚೆ."

ಅವನು ಸರಿದ. ದಿಬ್ಬದ ಮೇಲೆ ಈಗ ಐದು ಜನ: ಗ್ಯಾರೆಟ್, ಪೈಕ್, ಕ್ಯಾಚರ್, ಅರ್ಲೀನ್, ನಾನು. ಪೈಕ್ ಸನ್ನೆ ಮಾಡಿದ್ದನೋ ಏನೋ, ಓಟ್ಸನೂ ಬಂದು ನಿಂತ. ಅವತ್ತು ಗಿಟಾರು ಇರಲಿಲ್ಲ.

"ಚೆಂಡು ಕೊಡು ಮಗನೇ," ಅಂದಳು ಅರ್ಲೀನ್.

"ಮಾಮನ್ನ ಕೇಳಮ್ಮ." ಗ್ಯಾರೆಟ್ ಕಣ್ಣಲ್ಲಿ ಸಿಟ್ಟು, ನೋವು, ಎರಡೂ ಬೆರೆತಿದ್ದವು. "ಬೆರಳು ಜೋಮು ಹಿಡಿದ್ರೆ ಇನ್ನೂ ಜೋರಾಗಿ ಎಸೀಬೇಕು, ರಕ್ತ ಓಡಾಡಿ ತಾನೇ ಬಿಟ್ಟುಹೋಗುತ್ತೆ ಅಂತ ಮಾಮಾನೇ ಹೇಳಿರೋದು. ಮಾಮನಿಗೂ ಹೀಗೇ ಆಗಿತ್ತಂತೆ. ಎಸೆದು ಗೆದ್ದನಂತೆ. ಹೌದಲ್ವಾ ಮಾಮ?"

"ಯಾವಾಗಿಂದ ಜೋಮು?" ಎಂದು ಪೈಕ್ ಕೇಳಿದ.

"ಐದನೇದ್ರಿಂದ."

"ಐದನೇದ್ರಿಂದ! ಯಾಕೋ ಹೇಳಲಿಲ್ಲ?"

"ಯಾರು ಕೇಳಿದ್ರಿ?"

ಪೈಕ್ ತನ್ನ ಕೈಯಲ್ಲಿದ್ದ ಎಣಿಸುವ ಯಂತ್ರವನ್ನು ನೋಡಿಕೊಂಡ. ಕ್ಯಾಚರ್ ನೆಲ ನೋಡಿದ.

"ಹೇಳು ವಿಲ್ಬರ್," ಅಂದಳು ಅರ್ಲೀನ್.

ನಾನು ಹೇಳಿದೆ. ಆದರೆ ಬಾಯಿಗೆ ಬಂದದ್ದು ಹಳೆಯ ಚಾಳಿಯೇ. "ನೋಡು ಗ್ಯಾರೆಟ್, ನನ್ನ ಕೈ ಬೇರೆ, ನಿನ್ನ ಕೈ ಬೇರೆ. ನಂದು ಕುದುರೆ ಮೂಳೆ ಅಂತ ಡಾಕ್ಟರೇ ಹೇಳಿದ್ರು. ನಿನ್ನ ಕಾಲದವರಿಗೆ ಹಾಲು ಕಮ್ಮಿ..."

"ಟೋಪಿ ತೆಗಿ," ಅಂದಳು ನನ್ನ ತಂಗಿ.

ತೆಗೆದೆ.

"ಎಡಗೈಯಲ್ಲಲ್ಲ. ಮತ್ತೆ ಹಾಕ್ಕೋ. ಈಗ ಬಲಗೈಯಲ್ಲಿ ತೆಗಿ."

ನನ್ನ ಬಲಗೈ ಎದೆಯವರೆಗೆ ಬಂತು. ಅಲ್ಲಿಂದ ಮೇಲಕ್ಕೆ ಅದು ಹೋಗುವುದಿಲ್ಲ. ಮೂವತ್ತು ವರ್ಷ ನನ್ನ ಜೊತೆ ಕಾಫಿ ಕುಡಿದವರು, ಇಸ್ಪೀಟು ಆಡಿದವರು, ಎಲ್ಲರಿಗೂ ಅದು ಗೊತ್ತಿತ್ತು. ಕಾರಣವೂ ಗೊತ್ತಿತ್ತು.

"ಅದು ಹೋರಿ ಗುದ್ದಿದ್ದಲ್ವಾ?" ಅಂದ ಕ್ಯಾಚರ್.

"ಹೋರಿ ಎಲ್ಲಿ ಬಂತು?" ಅಂದ ಪೈಕ್. "ಯುದ್ಧದಲ್ಲಿ ಗುಂಡು ಬಿತ್ತು ಅಂದಿದ್ದ."

"ನನಗೆ ಕರಡಿ ಅಂದಿದ್ರು," ಅಂದ ಓಟ್ಸ್.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ ನನ್ನ ಮುಖ ನೋಡಿದರು. ಇಷ್ಟು ವರ್ಷ ನಾನು ಅವರವರ ಮುಖ ನೋಡಿ ಕತೆ ಕೊಟ್ಟಿದ್ದೆ. ಇವರೆಲ್ಲ ಒಂದು ದಿನ ಒಂದೇ ದಿಬ್ಬದ ಮೇಲೆ ನಿಲ್ಲುತ್ತಾರೆಂದು ಯೋಚಿಸಿರಲಿಲ್ಲ. ಗ್ಯಾರೆಟ್ ನಗಲಿಲ್ಲ. "ಮಾಮ?" ಅಂದ, ಅಷ್ಟೇ.

"ಹೋರಿ ಇಲ್ಲ, ಕರಡಿ ಇಲ್ಲ," ಅಂದೆ. "ಅವತ್ತು ನನಗೂ ಐದನೇದ್ರಲ್ಲೇ ಶುರುವಾಯ್ತು. ಅದೇ ಎರಡು ಬೆರಳು. ಮ್ಯಾನೇಜರ್ ಬಂದು ಕೈ ಚಾಚಿದ, ನಾನು ಕೊಡಲಿಲ್ಲ. ಬೈದು ಕಳಿಸಿದೆ. ಎಂಟನೇದ್ರಲ್ಲಿ ಮೊಣಕೈ ಒಳಗೆ ಏನೋ ಹರೀತು, ಹಳೇ ಬಟ್ಟೆ ಹರಿದ ಹಾಗೆ. ಮೊದಲ ಬೇಸಲ್ಲಿ ನಿಂತಿದ್ದೋನಿಗೂ ಕೇಳಿಸ್ತು."

"ಆಮೇಲೆ?" ಅಂದ ಗ್ಯಾರೆಟ್.

"ಆಮೇಲೆ ಬದಲಿಗೆ ಒಬ್ಬ ಬಂದು ಆಟ ಗೆಲ್ಲಿಸಿದ."

"ಎಷ್ಟು ಆಟ ಶುರು ಮಾಡಿದ್ದೆ ನೀನು, ಒಟ್ಟು?" ಎಂದು ಅವನೇ ಕೇಳಿದ.

ನಾನು ಓಟ್ಸನ ಕಡೆ ನೋಡಲಿಲ್ಲ. "ಅದೊಂದೇ. ಆಮೇಲಿನ ಏಳು ವರ್ಷ ಬೇರೆ ಊರುಗಳಲ್ಲಿ ನಾನು ಬೇಲಿಯಾಚೆ ಕೂತಿದ್ದೆ. ಬದಲಿ. ಈಗಿನ ಹಾಗೆ ಹಾಡು ಹಾಕಿ ಕರೆಯೋ ಬದಲಿ ಅಲ್ಲ. ಆಟ ಕೈಬಿಟ್ಟು ಹೋದ ಮೇಲೆ, ಒಳ್ಳೆಯವರ ಕೈ ಯಾಕೆ ದಂಡ ಮಾಡೋದು ಅಂತ ಕಳಿಸ್ತಿದ್ರು. ಕೈ ಮೇಲೆ ಹೋಗ್ತಿರಲಿಲ್ಲ, ಸೊಂಟದ ಪಕ್ಕದಿಂದ ನಿಧಾನವಾಗಿ ಎಸೀತಿದ್ದೆ, ಅವರು ಹೊಡೀತಿದ್ರು. ನಮ್ಮ ಕಾಲದಲ್ಲಿ ಬೇಲಿಯಾಚೆ ಕೂರೋದು ಅಂದ್ರೆ ಮನೆಯವರಿಗೂ ಹೇಳಿಕೊಳ್ಳೋ ಹಾಗಿರಲಿಲ್ಲ."

"ಆ ಚಳಿಗಾಲ ಇವನ ಅಂಗಿ ಗುಂಡಿ ಹಾಕ್ತಿದ್ದೋಳು ನಾನು," ಅಂದಳು ಅರ್ಲೀನ್, ಯಾರ ಕಡೆಯೂ ನೋಡದೆ. "ಸುಮ್ನಿದ್ದೆ. ಬುರುಡೆ ಬಿಟ್ಟುಕೊಂಡು ಆರಾಮಾಗಿರ್ಲಿ ಅಂತ ಸುಮ್ನಿದ್ದೆ. ನನ್ನ ಮಗನ ಕೈಗೇ ಬರುತ್ತೆ ಅಂತ ಗೊತ್ತಿರಲಿಲ್ಲ."

ಗ್ಯಾರೆಟ್ ಬೆನ್ನ ಹಿಂದಿನಿಂದ ಚೆಂಡು ತೆಗೆದ. ಒಂದು ಕ್ಷಣ ಅದನ್ನು ನನ್ನ ಮುಖಕ್ಕೇ ಎಸೆಯುತ್ತಾನೆ ಅನ್ನಿಸಿತು. ಎಸೆಯುವಷ್ಟು ಸಿಟ್ಟು ಇತ್ತು, ಕೈಯಲ್ಲಿ ಶಕ್ತಿ ಇರಲಿಲ್ಲ. ಓಟ್ಸನ ಗ್ಲೌಸಿನಲ್ಲಿ ಇಟ್ಟ.

"ಒಂದು ಹೊಡೆತಾನೂ ಬಿಟ್ಟಿಲ್ಲ," ಎಂದು ಅವನಿಗೆ ಹೇಳಿದ. ಅಷ್ಟು ಹೊತ್ತು ಊರಿಗೆ ಊರೇ ನುಂಗಿಕೊಂಡಿದ್ದ ಮಾತನ್ನು ಅವನೇ ಬಾಯಿ ಬಿಟ್ಟು ಆಡಿಬಿಟ್ಟ.

"ನೋಡ್ತೀನಿ," ಅಂದ ಓಟ್ಸ್. ಆಮೇಲೆ ನನ್ನ ಕಡೆ ತಿರುಗಿದ. ಮೀಸೆಯ ಕೆಳಗೆ ನಗು ಇರಬಹುದೆಂದು ಹುಡುಕಿದೆ, ಇರಲಿಲ್ಲ. "ಸೊಂಟದ ಪಕ್ಕದಿಂದ ಎಸೀತಾ ಏಳು ವರ್ಷ ಹೇಗೆ ಉಳಿದ್ರಿ?" ಎಂದು ಕೇಳಿದ. ಮರುಕ ಪಡುವವನ ದನಿ ಅಲ್ಲ. ತನ್ನ ಕಸುಬಿನವನನ್ನು ಕಸುಬಿನವನು ಕೇಳುವ ದನಿ. ಬೇಕಾದರೆ ಅದಕ್ಕೊಂದು ಅದ್ಭುತವಾದ ಉತ್ತರ ಕೊಡಬಹುದಿತ್ತು. ಎಡಗೈಯಲ್ಲಿ ಟೋಪಿ ಸರಿಮಾಡಿಕೊಂಡು ಹುಡುಗನ ಹಿಂದೆ ದಿಬ್ಬ ಇಳಿದೆ.

ನಾವು ಮೈದಾನ ದಾಟುವಾಗ ಚಪ್ಪಾಳೆ ಇರಲಿಲ್ಲ. ಮೇಲಿನಿಂದ ಯಾರೋ ಕೇಳಿದರು, "ಏನಾಯ್ತು ವಿಲ್ಬರ್, ಯಾಕೆ ಇಳಿಸಿದ್ರಿ?" ಅರ್ಲೀನ್ ಇಕ್ಕಳ ಎತ್ತಿ ತೋರಿಸಿದಳು.

ಜಿಲ್ಲಾ ಆಸ್ಪತ್ರೆಗೆ ನದಿಯ ಪಕ್ಕದ ದಾರಿ. ಅರ್ಲೀನ್ ತನ್ನ ಪಿಕಪ್ಪನ್ನು ನೊಗಕ್ಕೆ ಹೂಡಿದ ಎತ್ತನ್ನು ಬೈಯುವ ಹಾಗೆ ಬೈಯುತ್ತ ಓಡಿಸುತ್ತಿದ್ದಳು. ನಡುವೆ ಗ್ಯಾರೆಟ್, ಮೊಣಕೈಗೆ ಸೋಡಾ ಡಬ್ಬದ ಐಸ್ ಕಟ್ಟಿಕೊಂಡು. ಕಿಟಕಿ ಪಕ್ಕ ನಾನು. ರೇಡಿಯೋದಲ್ಲಿ ಆಟ ನಡೆದಿತ್ತು. ಓಟ್ಸ್ ಒಂಬತ್ತನೆಯದರಲ್ಲಿ ಒಂದು ಹೊಡೆತ ಬಿಟ್ಟ, ಆಮೇಲಿನ ಮೂವರನ್ನು ಸಾಲಾಗಿ ಔಟ್ ಮಾಡಿದ. ಕಪ್ ನಮ್ಮದಾಯಿತು. ಗ್ಯಾರೆಟ್ ಕಾಲಿನಿಂದ ರೇಡಿಯೋ ಗುಂಡಿ ಒದ್ದು ಆರಿಸಿದ.

"ಓಟ್ಸ್ ಕೆಟ್ಟ ಪಿಚರ್ ಅಲ್ಲ," ಅಂದೆ.

"ಮಾತಾಡ್ಬೇಡ ನೀನು," ಅಂದ ಗ್ಯಾರೆಟ್. ಇಪ್ಪತ್ತು ವರ್ಷದಲ್ಲಿ ಅವನು ನನಗೆ ಹಾಗೆ ಹೇಳಿದ್ದು ಅದೇ ಮೊದಲು. "ನೀನು ಓಟ್ಸನ್ನ ದಿನಾ ಬೈತಿದ್ದೆ. ನಿನ್ನ ಜೊತೆ ಸೇರಿ ನಾನೂ ಬೈತಿದ್ದೆ. ಅವನು ಗೋದಾಮಲ್ಲಿ ನನ್ನ ಪಾಲಿನ ಮೂಟೆ ಹೊತ್ತು ಪ್ರ್ಯಾಕ್ಟೀಸಿಗೆ ಕಳಿಸ್ತಿದ್ದ, ಗೊತ್ತಾ? ಆದ್ರೂ ಬೈತಿದ್ದೆ. ನಿನಗೋಸ್ಕರ."

ನನಗೆ ಗೊತ್ತಿರಲಿಲ್ಲ. ಸುಮ್ಮನೆ ಕೂತೆ. ಸುಮ್ಮನೆ ಕೂರುವುದು ನನಗೆ ಅಭ್ಯಾಸವಿಲ್ಲದ ಕೆಲಸ.

ಧಾನ್ಯದ ಗೋಪುರಗಳು ಹಿಂದೆ ಸರಿದವು. ಗ್ಯಾರೆಟ್ ಐಸ್ ಸರಿಸಿ ಬೆರಳುಗಳನ್ನು ಮಡಚಲು ನೋಡಿದ. ಮೂರು ಮಡಚಿದವು. ಎರಡು ನಿಂತಲ್ಲೇ ನಿಂತವು. ಅವನ ಉಸಿರು ಬದಲಾದದ್ದು ನನಗೆ ಕೇಳಿಸಿತು. ಸಿಟ್ಟು ಇಳಿಯಲಿಲ್ಲ, ಅದರ ಒಳಗಿನಿಂದ ಇಪ್ಪತ್ತು ವರ್ಷದ ಹುಡುಗನ ದನಿ ಬಂತು.

"ಮಾಮ. ಇದು ಸರಿ ಹೋಗುತ್ತಾ?"

ನನ್ನ ಬಾಯಲ್ಲಿ ಹತ್ತು ಕತೆ ಸಿದ್ಧವಾಗಿದ್ದವು. ಸತ್ತ ಕೈಯನ್ನು ಮೂರು ದಿನದಲ್ಲಿ ಎಬ್ಬಿಸಿದ ಕೆಂಟಕಿಯ ಮುದುಕಿಯ ಕತೆ. ಮೊಣಕೈ ಬೇರೆಯಾಗಿ ಬಿದ್ದರೂ ಹೊಲಿಸಿಕೊಂಡು ಬಂದು ಎಸೆದ ಪಿಚರನ ಕತೆ. ಅರ್ಲೀನ್ ನನ್ನ ಕಡೆ ಒಮ್ಮೆ ನೋಡಿದಳು.

"ನಿಜ ಹೇಳು. ಇಲ್ಲಾಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ."

"ಗೊತ್ತಿಲ್ಲ ಕಣೋ," ಅಂದೆ. "ನೀನು ಹರಿಯೋಕೆ ಮುಂಚೆ ನಿಂತೆ. ನಾನು ನಿಲ್ಲಲಿಲ್ಲ. ನಂದು ಸರಿ ಹೋಗಲೇ ಇಲ್ಲ."